ನಿಂತಲ್ಲೇ ಏರುವ ವಿಮಾನ

ನಾನು ಇದುವರೆಗೆ ಹನ್ನೊಂದು ವಿಮಾನ ಕಟ್ಟಿದ್ದೇನೆ. ಒಂದೂ ಬಿದ್ದಿಲ್ಲ. ಜಗತ್ತಿನ ಎಷ್ಟೇ ದೊಡ್ಡ ಕಾರ್ಖಾನೆಯೂ ಎದೆ ತಟ್ಟಿಕೊಂಡು ಹೇಳಲಾರದ ಮಾತು ಇದು. ಒಂದೂ ಹಾರಿಲ್ಲ ಎಂಬುದು ಬೇರೆ ವಿಷಯ. ಜಂಬ ಕೊಚ್ಚಿಕೊಳ್ಳುವವನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು ಅಂತ ಎಲ್ಲಿಯೂ ಕಾನೂನಿಲ್ಲ ನೋಡಿ, ಅದಕ್ಕೆ ಸ್ವಲ್ಪ ಬಿಡುವು ಕೊಟ್ಟು ಹೇಳಿದೆ.

ನಾನಿರುವುದು ತಮಿಳುನಾಡಿನ ಕಂಬಂನಲ್ಲಿ. ಪನ್ನೀರ್ ದ್ರಾಕ್ಷಿ ಬೆಳೆಯುತ್ತೇನೆ. ಮನೆಯ ಮಾತು ಕನ್ನಡ. ಶಾಲೆಯ ಮಾತು, ಸಂತೆಯ ಮಾತು, ಜಗಳದ ಮಾತು ತಮಿಳು. ಕನ್ನಡ ಅಕ್ಷರವನ್ನು ಕಲಿತದ್ದು ತೀರ ತಡವಾಗಿ, ದ್ರಾಕ್ಷಿ ಲಾರಿಯ ಜೊತೆ ಮೈಸೂರಿಗೆ ಹೋಗಿ ಬರುತ್ತಿದ್ದ ಕಾಲದಲ್ಲಿ, ಅಂಗಡಿ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದಿ. ಹಾಗಾಗಿ ನನ್ನ ಬರವಣಿಗೆಯಲ್ಲಿ ಅಲ್ಲಲ್ಲಿ ಬೋರ್ಡಿನ ಠೀವಿ ಕಂಡರೆ ಅದು ನನ್ನ ತಪ್ಪಲ್ಲ, ನನ್ನ ಗುರುಗಳದ್ದು.

ಓಡಿ ಹಾರುವ ವಿಮಾನ ನನಗೆ ಮೊದಲಿನಿಂದಲೂ ಹಿಡಿಸದು. ನಮ್ಮ ಕಣಿವೆಗೆ ಒಂದು ಕಡೆ ಕೇರಳದ ಬೆಟ್ಟ, ಇನ್ನೊಂದು ಕಡೆ ಮೇಘಮಲೆ. ನಡುವೆ ಇರುವ ಬಯಲಿನಲ್ಲಿ ಭತ್ತಕ್ಕೊಂದಿಷ್ಟು, ತೆಂಗಿಗೊಂದಿಷ್ಟು ಬಿಟ್ಟರೆ ಉಳಿದದ್ದೆಲ್ಲ ದ್ರಾಕ್ಷಿ ಪಂದಲ್. ಕಲ್ಲುಕಂಬ ನೆಟ್ಟು, ತಲೆಯ ಮೇಲೆ ತಂತಿ ಎಳೆದು, ಅದರ ಮೇಲೆ ಬಳ್ಳಿ ಹಬ್ಬಿಸಿದ ಚಪ್ಪರ. ಅದರ ಕೆಳಗೆ ಮನುಷ್ಯನೇ ಬೆನ್ನು ಬಗ್ಗಿಸಿ ನಡೆಯಬೇಕು, ವಿಮಾನ ಎಲ್ಲಿ ಓಡಬೇಕು? ಊರಿಗೆ ಇರುವುದು ಒಂದು ನೇರವಾದ ರಸ್ತೆ. ಅದರಲ್ಲಿ ಆಗಲೇ ಶೇರ್ ಆಟೋಗಳು ಹಾರಾಡುತ್ತಿವೆ.

ಅಷ್ಟಕ್ಕೂ ಮೇಲೆ ಹೋಗಬೇಕಾದವನು ಮೊದಲು ಮುಂದಕ್ಕೆ ಯಾಕೆ ಓಡಬೇಕು? ನಮ್ಮ ಮನೆಯ ಹುಂಜವನ್ನೇ ನೋಡಿ. ನಾಯಿ ಬಂತೆಂದರೆ ನಿಂತ ಜಾಗದಿಂದಲೇ ಪಟಪಟನೆ ರೆಕ್ಕೆ ಬಡಿದು ಗೋಡೆಯ ಮೇಲೆ ಕೂತಿರುತ್ತದೆ. ಅದಕ್ಕೆ ಒಂದೂವರೆ ಮೈಲಿ ಸಿಮೆಂಟಿನ ದಾರಿ ಬೇಕಿತ್ತು ಅಂದುಕೊಳ್ಳಿ, ನಾಯಿಯ ಹೊಟ್ಟೆ ಎಂದೋ ತಣ್ಣಗಾಗಿರುತ್ತಿತ್ತು. ಕೊಡೈಕಾನಲ್ ಇಳಿಜಾರಿನಲ್ಲಿ ಮೋಡವೂ ಹಾಗೆಯೇ ನೆಟ್ಟಗೆ ಏಳುತ್ತದೆ. ದೇವರು ಮಾಡಿದ್ದೆಲ್ಲ ನಿಂತಲ್ಲೇ ಏಳುತ್ತದೆ, ಮನುಷ್ಯ ಮಾಡಿದ್ದು ಮಾತ್ರ ಏದುಸಿರು ಬಿಡುತ್ತಾ ಓಡುತ್ತದೆ ಎಂಬುದು ನನ್ನ ಸಿದ್ಧಾಂತ. ಇದಕ್ಕೆ ಅಪವಾದವಾಗಿ ಕೊಕ್ಕರೆ ಇದೆ ಎಂದು ನನ್ನ ಹೆಂಡತಿ ಹೇಳಿದ್ದಾಳೆ. ಕೊಕ್ಕರೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹೀಗೆ ನಾನು ಕಟ್ಟುವುದೆಲ್ಲ ನಿಂತಲ್ಲಿಂದ ಏರುವ ವಿಮಾನಗಳು, ಅದೂ ಎಲ್ಲಿಯೂ ಇಲ್ಲದವು. ಇರುವ ವಿಮಾನದ ಮಾದರಿಯನ್ನು ಡಬ್ಬದಲ್ಲಿ ತರಿಸಿ, ನಂಬರಿನ ಮೇಲೆ ನಂಬರು ಅಂಟಿಸುವವರು ಬೇಕಾದಷ್ಟು ಜನ ಇದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ, ಪಕ್ಕದ ಮನೆಯ ಸೊಸೆಯ ಮೇಲೆ ಇರುವಂಥ ಗೌರವ. ನನ್ನ ವಿಮಾನದ ಹೊಟ್ಟೆ ಒಣಗಿದ ತೆಂಗಿನ ಹೊಂಬಾಳೆ. ಪ್ರಕೃತಿ ಅದನ್ನು ದೋಣಿಗೋ ವಿಮಾನಕ್ಕೋ ಎಂದು ತೀರ್ಮಾನಿಸಲಾಗದೆ ಅರ್ಧಕ್ಕೆ ಬಿಟ್ಟಂತಿರುತ್ತದೆ. ಉಳಿದರ್ಧವನ್ನು ನಾನು ಮುಗಿಸುತ್ತೇನೆ. ಎಂಜಿನ್ನಿನ ಬಾಯಿಗೆ ಔಷಧಿ ಹೊಡೆಯುವ ಸ್ಪ್ರೇಯರಿನ ಹಿತ್ತಾಳೆ ಮೂತಿ. ಕಾಲುಗಳಿಗೆ ದಿಂಡಿಗಲ್ ಬೀಗದ ಸ್ಪ್ರಿಂಗು; ಬೀಗ ಹಾಳಾದರೂ ಅದರೊಳಗಿನ ಸ್ಪ್ರಿಂಗು ಹಾಳಾದದ್ದನ್ನು ನಾನು ಕಂಡಿಲ್ಲ. ರೆಕ್ಕೆ ತಿರುಗುವ ಉಪಾಯ ನಮ್ಮ ತಾತನ ಏತದಿಂದ ಬಂದದ್ದು. ಬಾವಿಯ ಮೇಲಿನ ಏತದ ಮರ ಒಂದು ತುದಿ ಬಗ್ಗಿದರೆ ಇನ್ನೊಂದು ತುದಿ ಆಕಾಶ ನೋಡುತ್ತದಲ್ಲ, ಹಾಗೆ ನನ್ನ ವಿಮಾನದ ರೆಕ್ಕೆ ಏಳುವಾಗ ಮೇಲೆ ನೋಡುತ್ತದೆ, ಹೋಗುವಾಗ ಮುಂದೆ ನೋಡುತ್ತದೆ. ಇಷ್ಟು ಬರೆಯುವಾಗಲೇ ನನಗೆ ಎದೆ ಉಬ್ಬುತ್ತಿದೆ. ತಡೆದುಕೊಳ್ಳಿ, ಇನ್ನೂ ಇದೆ.

ಈ ಕೆಲಸದಲ್ಲಿ ನಿಜವಾದ ಕಷ್ಟ ಅಂಟಿಸುವುದಲ್ಲ, ಅಳತೆ. ಮಾದರಿ ಎಂದ ಮೇಲೆ ಇಷ್ಟಕ್ಕೆ ಇಷ್ಟು ಎಂಬ ಲೆಕ್ಕ ಇರಬೇಕು. ಒಮ್ಮೆ ನಾನು ರಟ್ಟಿನ ಚೂರಿನ ಮೇಲೆ ‘ಇಪ್ಪತ್ತನಾಲ್ಕರಲ್ಲಿ ಒಂದು ಪಾಲು’ ಎಂದು ಬರೆದು ಅಂಟಿಸಿದ್ದನ್ನು ನನ್ನ ಹೆಂಡತಿ ಅಳಗಮ್ಮ ನೋಡಿದಳು. ಅವಳು ನನ್ನನ್ನು ಕರೆಯುವುದು ‘ಏನುಂಗ’ ಎಂದು. ‘ಏನು’ ಕನ್ನಡ, ‘ಉಂಗ’ ತಮಿಳಿನ ಮರ್ಯಾದೆ. ಮೊದಲರ್ಧ ಪ್ರಶ್ನೆ, ಉಳಿದರ್ಧ ಗೌರವ. ನಮ್ಮ ಸಂಸಾರವೂ ಅದೇ ಅಳತೆಯಲ್ಲಿ ನಡೆದಿದೆ.

“ಏನುಂಗ, ಇದ್ರ ದೊಡ್ದು ಎಲ್ಲದೆ?” ಎಂದಳು.

“ದೊಡ್ದು ಇಲ್ಲ. ಇದು ಮನಸ್ನಾಗೆ ಇರೋದು.”

“ಇಲ್ಲದ ಸಾಮಾನ್ಗೆ ಇಪ್ಪತ್ನಾಕು ಪಾಲು ಹಾಕಿದ್ರೆ ಒಂದು ಪಾಲ್ನಾಗೆ ಎಷ್ಟು ಬತ್ತದೆ?”

ಗಣಿತದಲ್ಲಿ ಇದಕ್ಕೆ ಉತ್ತರ ಇದೆ, ಅದು ಸೊನ್ನೆ. ಆಮೇಲೆ ಎರಡು ದಿನ ಯೋಚಿಸಿ ಒಂದು ದಾರಿ ಕಂಡುಕೊಂಡೆ. ಹೆಬ್ಬೆರಳಿನಷ್ಟು ಎತ್ತರದ ಮಣ್ಣಿನ ಬೊಂಬೆಯೊಂದನ್ನು ಮಾಡಿ, ಸೀರೆ ಬಣ್ಣ ಹಚ್ಚಿ, ಚಾಲಕಿಯ ಜಾಗದಲ್ಲಿ ಕೂರಿಸಿದೆ. ಆ ಹೆಂಗಸು ಐದಡಿ ಇದ್ದಾಳೆ ಎಂದುಕೊಂಡರೆ ಸಾಕು, ವಿಮಾನ ತಾನಾಗಿ ದೊಡ್ಡದಾಗುತ್ತದೆ. ಇಲ್ಲದ ವಿಮಾನಕ್ಕೆ ಇರುವ ಹೆಂಗಸೇ ಅಳತೆ. ಬೊಂಬೆಯ ಮೂಗಿಗೆ ಒಂದು ಚುಕ್ಕೆ ಬೊಟ್ಟನ್ನೂ ಇಟ್ಟೆ. ಯಾರ ಮೂಗುಬೊಟ್ಟು ಅದು ಎಂದು ಅಳಗಮ್ಮ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಂದವರೆಲ್ಲ ಕೇಳುವ ಇನ್ನೊಂದು ಪ್ರಶ್ನೆ: “ಹಾರ್ತದಾ?” ಇದಕ್ಕೆ ನಾನು ಒಂದು ಪಾಂಡಿತ್ಯದ ಉತ್ತರ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ವಿಮಾನ ಎಂದರೆ ಮೊದಲಿಗೆ ಗರ್ಭಗುಡಿಯ ಮೇಲಿನ ಶಿಖರ. ಅದು ನೆಲ ಬಿಟ್ಟು ನೆಟ್ಟಗೆ ಮೇಲೆ ಹೋಗಿದೆ, ಯಾವ ಕಾಲಕ್ಕೂ ಹಾರಿಲ್ಲ. ಹಾರಲಿಲ್ಲ ಎಂದು ಯಾವ ಭಕ್ತನೂ ತೆಂಗಿನಕಾಯಿ ವಾಪಸು ಕೇಳಿಲ್ಲ. ನನ್ನ ವಿಮಾನದಿಂದ ಮಾತ್ರ ಜನ ಯಾಕೆ ಇಷ್ಟೊಂದು ಬಯಸುತ್ತಾರೋ ತಿಳಿಯದು.

ಈ ಉತ್ತರ ಊರಿನಲ್ಲೆಲ್ಲ ನಡೆಯಿತು, ಮನೆಯಲ್ಲಿ ನಡೆಯಲಿಲ್ಲ. ನಡುಮನೆಯ ಗಾಜಿನ ಅಲಮಾರಿಯ ಮೂರು ಅಂತಸ್ತನ್ನೂ ನನ್ನ ವಿಮಾನಗಳು ಹಿಡಿದಿದ್ದವು. ಅಳಗಮ್ಮನ ತವರಿನಿಂದ ಬಂದ ಎವರ್‌ಸಿಲ್ವರ್ ಸ್ಟೀಲ್ ಪಾತ್ರೆಗಳು ಮದುವೆಯಾದಂದಿನಿಂದ ಗೋಣಿಚೀಲದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದವು. ನ್ಯಾಯ ಅವಳ ಕಡೆಗಿತ್ತು, ಅದು ನನಗೂ ಗೊತ್ತಿತ್ತು. ಆದ್ದರಿಂದಲೇ ಆ ವಿಷಯ ಬಂದಾಗಲೆಲ್ಲ ನನಗೆ ತೋಟದಲ್ಲಿ ಕೆಲಸ ನೆನಪಾಗುತ್ತಿತ್ತು.

ದಿಂಡಿಗಲ್‌ನಲ್ಲಿ ಪುಟ್ಟ ಮಾದರಿಗಳ ಪ್ರದರ್ಶನವೊಂದು ನಡೆಯುತ್ತದೆ, ಈ ಸಲ ಕಲ್ಪನೆಯ ವಿಮಾನಗಳಿಗೂ ಜಾಗ ಇದೆ ಎಂದು ಸುದ್ದಿ ಬಂತು. ನಾನು ಹನ್ನೊಂದನೆಯದನ್ನು ಕಳಿಸುತ್ತೇನೆ ಎಂದೆ. ಅಳಗಮ್ಮ ಒಳಗೆ ಹೋಗಿ ಕಂಬಳಿ ತಂದು ಹಾಸಿದಳು. ನಮ್ಮ ಕುಲದಲ್ಲಿ ಪಂಚಾಯ್ತಿ ಕೂರುವುದು ಕಂಬಳಿಯ ಮೇಲೆ. ಅದರ ಮೇಲೆ ಕೂತು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

“ಕುಂದ್ರಿ,” ಎಂದಳು. “ಇಲ್ಲಿಂದ ದಿಂಡಿಗಲ್ಲಿಗೆ ಹೋಗಿ ತಿರುಗಿ ಮನೆ ಸೇರೋದ್ರೊಳಗೆ, ನಂಟನಲ್ಲದ ಒಬ್ಬ ಆಳು, ನೀವು ಹೇಳಿಕೊಡ್ದೆ, ಇದ್ನ ವಿಮಾನ ಅನ್ಬೇಕು. ಅಂದ್ರೆ ಅಲಮಾರಿ ನಿಮ್ದೇ, ನಾ ಬಾಯಿ ತೆರೆಯೋದಿಲ್ಲ. ಅನ್ಲಿಲ್ಲಾ ಅಂದ್ರೆ ಎಲ್ಲಾ ಅಟ್ಟಕ್ಕೆ. ಮತ್ತೆ ಹೊಂಬಾಳೆ ಮುಟ್ಟಬಾರ್ದು. ಒಪ್ಪಿಗೇನಾ?”

ಒಪ್ಪಿದೆ. ಒಬ್ಬನೇ ಒಬ್ಬ ಸಾಕಲ್ಲ, ವಿಮಾನದ ಪ್ರದರ್ಶನದಲ್ಲಿ ವಿಮಾನ ಎನ್ನುವವರಿಗೆ ಬರವೇ? ಹನ್ನೊಂದು ವಿಮಾನ ಕಟ್ಟಿದ ಕೈಯನ್ನು ಪಣಕ್ಕಿಟ್ಟಿದ್ದೇನೆ ಎಂಬುದು ಕಂಬಳಿ ಮಡಚಿದ ಮೇಲೆ ಹೊಳೆಯಿತು.

ಈಗ ಹೆಸರಿನ ವಿಷಯ. ಆ ಹನ್ನೊಂದನೆಯದಕ್ಕೆ ನಾನಿಟ್ಟ ಹೆಸರು ‘ಏರು’. ಮೇಲೆ ಹೋಗು ಎಂದು ನಮ್ಮ ಮನೆಯಲ್ಲಿ ಮಕ್ಕಳಿಗೆ ಹೇಳುವ ಮಾತು. ಗಟ್ಟಿಯಾದ, ಸೋಗಿಲ್ಲದ ಹೆಸರು. ಪ್ರದರ್ಶನದವರು ಹೆಸರನ್ನು ಫೋನಿಗೆ ಬರೆದು ಕಳಿಸಿ ಎಂದರು. ತಮಿಳಿನಲ್ಲಿ ಬರೆದು ಕಳಿಸಿದೆ.

ದಿಂಡಿಗಲ್‌ನಲ್ಲಿ ಪ್ರದರ್ಶನವನ್ನು ಏರ್ಪಡಿಸಿದ್ದು ಒಂದು ಕಲ್ಯಾಣಮಂಟಪದಲ್ಲಿ. ಮುನ್ನಾದಿನವೇ ನಾನೂ ಅಳಗಮ್ಮನೂ ವಿಮಾನವನ್ನು ರೆಕ್ಕೆ ಮಡಚಿ, ದ್ರಾಕ್ಷಿ ಡಬ್ಬದಲ್ಲಿ ಹುಲ್ಲು ಹಾಸಿ ಮಲಗಿಸಿ, ಬಸ್ಸಿನ ಸೀಟಿನ ಕೆಳಗಿಟ್ಟುಕೊಂಡು ಹೋಗಿ ಒಪ್ಪಿಸಿ, ಅಲ್ಲೇ ನಂಟರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಹೋಗಿ ನೋಡಿದರೆ ವಿಮಾನಗಳೆಲ್ಲ ಮಹಡಿಯ ಮೇಲೆ, ಮದುಮಕ್ಕಳು ಕೂರುವ ವೇದಿಕೆಯ ಮೇಲೆ, ಕೆಂಪು ಬಟ್ಟೆ ಹಾಸಿ ದೀಪ ಹಾಕಿ ಇಟ್ಟಿದ್ದಾರೆ. ನನ್ನದು ಮಾತ್ರ ಇಲ್ಲ. ಒಂದು ಸುತ್ತು ಬಂದೆ, ಎರಡು ಸುತ್ತು ಬಂದೆ. ಕಳೆದುಹೋದ ಮಗುವನ್ನು ಹುಡುಕುವವನಂತೆ ಮೆಟ್ಟಿಲಿಳಿದು ಊಟದ ಹಾಲಿಗೆ ಬಂದರೆ, ಅಲ್ಲಿ ಬೇಸಾಯದ ಸಾಮಾನುಗಳ ವಿಭಾಗ. ಬಾಳೆಲೆ ಹಾಕುವ ಉದ್ದನೆಯ ಮೇಜಿನ ಮೇಲೆ ಮರದ ನೇಗಿಲಿನ ಮಾದರಿ, ಕುಂಟೆಯ ಮಾದರಿ, ಔಷಧಿ ಹೊಡೆಯುವ ಯಂತ್ರದ ಮಾದರಿ, ಅವುಗಳ ನಡುವೆ ನಾಲ್ಕು ರೆಕ್ಕೆ ಬಿಚ್ಚಿಕೊಂಡು ನನ್ನ ವಿಮಾನ. ಮುಂದೆ ದಪ್ಪ ತಮಿಳಕ್ಷರದಲ್ಲಿ ಚೀಟಿ: ‘ಹೊಸ ಬಗೆಯ ನೇಗಿಲು. ಕಂಬಂ.’

ತಪ್ಪು ಎಲ್ಲಿ ಆಯಿತು ಎಂದು ನನಗೆ ತಕ್ಷಣ ಹೊಳೆಯಿತು. ಹೊಳೆದದ್ದೇ ನಾಚಿಕೆಯಾಯಿತು, ಆಮೇಲೆ ಸ್ವಲ್ಪ ಖುಷಿಯೂ ಆಯಿತು, ಯಾಕೆಂದರೆ ಇಂಥ ತಪ್ಪನ್ನು ಮಾಡಲು ಐದಾರು ಶತಮಾನದ ತಯಾರಿ ಬೇಕು. ಹಳಗನ್ನಡದಲ್ಲಿ ಎರಡು ರ ಇದ್ದವಂತೆ. ಮೈಸೂರಿನ ರಸ್ತೆ ಬದಿಯಲ್ಲಿ ಕೊಂಡ ಹಳೆಯ ವ್ಯಾಕರಣ ಪುಸ್ತಕದಲ್ಲಿ ಓದಿದ್ದೆ. ಒಂದು ಈಗಿನ ಮೆತ್ತನೆ ರ. ಇನ್ನೊಂದು ಗಡುಸಾದ ಱ. ಅದಕ್ಕೆ ಪಂಡಿತರು ಶಕಟರೇಫ ಎನ್ನುತ್ತಾರೆ, ಶಕಟ ಎಂದರೆ ಬಂಡಿ. ಮೇಲೆ ಹೋಗುವ ‘ಏಱು’ವಿಗೆ ಬಂಡಿ ಱ. ಹೊಲ ಉಳುವ ‘ಏರು’ವಿಗೆ ಮೆತ್ತನೆ ರ. ಕನ್ನಡದವರು ಎಂದೋ ಬಂಡಿಯನ್ನು ಬಿಟ್ಟು ಎಲ್ಲಕ್ಕೂ ಒಂದೇ ರ ಸಾಕು ಅಂದರು. ತಮಿಳರು ಎರಡನ್ನೂ ಜೋಪಾನವಾಗಿ ಇಟ್ಟುಕೊಂಡರು. ನಮ್ಮ ಹಿರಿಯರು ಬಂಡಿ ಕಟ್ಟಿಕೊಂಡು ಈ ಕಣಿವೆಗೆ ಬಂದರೆಂದು ಹೇಳುತ್ತಾರೆ. ಬಂಡಿಯೇನೋ ಬಂತು, ಬಂಡಿಯ ಱ ದಾರಿಯಲ್ಲಿ ಎಲ್ಲೋ ಉದುರಿಹೋಯಿತು. ನಾನು ಹತ್ತು ವರ್ಷ ತಮಿಳು ಶಾಲೆಯಲ್ಲಿ ಓದಿದವನು, ತಮಿಳು ಪದವಾಗಿದ್ದರೆ ಖಂಡಿತ ಸರಿಯಾಗಿ ಬರೆಯುತ್ತಿದ್ದೆ. ಆದರೆ ‘ಏರು’ ಮನೆಯ ಮಾತು. ಮನೆಯ ಮಾತಿಗೆ ಕೈ ತಾನಾಗಿ ಮನೆಯ ರ ಹಾಕಿತು. ಓದಿದವರು ನೇಗಿಲು ಎಂದುಕೊಂಡರು.

“ನೇಗ್ಲು!” ಎಂದು ಅಳಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಹೆಗಲು ಕುಣಿಯುತ್ತಿತ್ತು.

ಸರಿಪಡಿಸೋಣ ಎಂದು ಯಾರನ್ನಾದರೂ ಹುಡುಕುವಷ್ಟರಲ್ಲಿ ಬಾಗಿಲು ತೆರೆದು ಜನ ಒಳಗೆ ಬಂದರು. ರೈತರು, ಅವರ ಹೆಂಗಸರು. ನೇಗಿಲಿನ ಮುಂದೆ ನಿಲ್ಲುವ ಜನ, ಮದುಮಕ್ಕಳ ವೇದಿಕೆಯ ಕಡೆ ಹೋಗುವ ಜನ ಅಲ್ಲ. ಒಬ್ಬರು ನನ್ನ ವಿಮಾನದ ಮುಂದೆ ನಿಂತು ಚೀಟಿ ಓದಿದರು, ವಿಮಾನ ನೋಡಿದರು, ಮತ್ತೆ ಚೀಟಿ ಓದಿದರು. ನಗುತ್ತಾರೆ ಎಂದು ನಾನು ಮುಖ ಗಟ್ಟಿ ಮಾಡಿಕೊಂಡೆ. ಅವರು ನಗಲಿಲ್ಲ. ಬಗ್ಗಿ, ಒಂದು ಕಣ್ಣು ಮುಚ್ಚಿ, ರೆಕ್ಕೆಯ ಕೀಲನ್ನು ನೋಡಿ, “ಏತದ ಕೀಲಲ್ಲವಾ ಇದು?” ಎಂದು ತಮಿಳಿನಲ್ಲಿ ಕೇಳಿದರು.

ಆಮೇಲೆ ಸುತ್ತ ಜನ ಸೇರಿದರು. ಎಷ್ಟು ಲೀಟರು ಔಷಧಿ ಹಿಡಿಯುತ್ತದೆ? ಪಂದಲ್ ತಂತಿಗೆ ತಾಗುವುದಿಲ್ಲವಾ? ಹೆಣ್ಣಾಳು ಓಡಿಸಬಹುದಾ? ಓ, ಓಡಿಸುತ್ತಿರುವವಳೇ ಹೆಂಗಸು! ಒಬ್ಬರಾದರೂ ಹಾರುತ್ತದಾ ಎಂದು ಕೇಳಲಿಲ್ಲ. ಅದು ಏಳುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ, ಎದ್ದ ಮೇಲೆ ಏನು ಕೆಲಸ ಮಾಡುತ್ತದೆ ಎಂಬುದಷ್ಟೇ ಬೇಕಿತ್ತು. ನಾನು ಹೇಳುತ್ತಾ ಹೋದೆ. ನನ್ನ ದನಿ ನನಗೇ ಕೇಳಿಸುವಷ್ಟು ದೊಡ್ಡದಾಗಿತ್ತು.

ನಿಲಕ್ಕೋಟ್ಟೈ ಕಡೆಯ ಒಬ್ಬ ಹೆಂಗಸು, ಮಲ್ಲಿಗೆ ತೋಟದವರು, ವಿಮಾನವನ್ನು ಎಲ್ಲ ಕಡೆಯಿಂದಲೂ ನೋಡುತ್ತಿದ್ದರು. ಕೊನೆಗೆ ಕೇಳಿದರು: “ಅಣ್ಣಾ, ಇದು ಏಳೋವಾಗ ಕೆಳಗೆ ಗಾಳಿ ಹೊಡೀತದಲ್ಲ. ನಮ್ಮ ಮೊಗ್ಗು ಉದುರೋದಿಲ್ಲವಾ?”

ಅಯ್ಯಾ, ಈ ಪ್ರಶ್ನೆಗಾಗಿ ನಾನು ಎಷ್ಟು ವರ್ಷ ಕಾದಿದ್ದೇನೆ ಎಂದು ನಿಮಗೆ ಹೇಗೆ ಹೇಳಲಿ! ನಾನೂ ದ್ರಾಕ್ಷಿಯವನು, ಗಾಳಿಗೆ ಗೊಂಚಲು ಉದುರಿದರೆ ಹೊಟ್ಟೆ ಹೇಗೆ ಉರಿಯುತ್ತದೆ ಎಂದು ಬಲ್ಲೆ. ಅದಕ್ಕೆಂದೇ ಒಂದೊಂದು ಮೂತಿಯ ಕೆಳಗೂ ಹೊಂಬಾಳೆಯ ತೆಳು ಸೀಳಿನಿಂದ ಕೊಡೆಯಂಥ ಒಂದು ಮರೆ ಕಟ್ಟಿದ್ದೆ. ಗಾಳಿ ನೇರ ನೆಲಕ್ಕೆ ಹೊಡೆಯದೆ ನಾಲ್ಕು ಕಡೆಗೆ ಹರಡಿ ಸಾಲಿನ ನಡುವೆ ಹೋಗಬೇಕು. ಹನ್ನೊಂದು ವಿಮಾನಗಳಲ್ಲೂ ಆ ಮರೆ ಇದೆ. ನೋಡಿದವರೆಲ್ಲ ಅದನ್ನು ಅಲಂಕಾರ ಎಂದುಕೊಂಡಿದ್ದರು, ಅಳಗಮ್ಮನೂ ಸೇರಿ. ಬೆರಳಿನಿಂದ ಮರೆಯನ್ನು ತೋರಿಸಿ ವಿವರಿಸಿದೆ. ಆ ಹೆಂಗಸು ಬಗ್ಗಿ ನೋಡಿ, ತಲೆಯಾಡಿಸಿ, “ಹಾಗಾದರೆ ಸರಿ. ಯಾವಾಗ ಬರ್ತದೆ?” ಎಂದರು. ನನಗೆ ಕಣ್ಣು ತುಂಬಿ ಬಂತು. ಹಿಂದೆ ನಿಂತಿದ್ದ ಅಳಗಮ್ಮ ನಗುವುದನ್ನು ಯಾವಾಗ ನಿಲ್ಲಿಸಿದಳೋ ನಾನು ನೋಡಲಿಲ್ಲ.

ಆದರೆ ಗಮನಿಸಿ. ಯಂತ್ರ ಎಂದರು, ನೇಗಿಲು ಎಂದರು, ಒಬ್ಬರು ಹೆಲಿಕಾಪ್ಟರ್ ಎಂದೂ ಅಂದರು. ಇಷ್ಟು ಜನರಲ್ಲಿ ಒಬ್ಬನೂ ವಿಮಾನ ಎನ್ನಲಿಲ್ಲ. ಇದಕ್ಕಿಂತ ದೊಡ್ಡ ಗೌರವ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ, ಮತ್ತು ಆ ಗೌರವದಲ್ಲಿಯೇ ನಾನು ಪಂದ್ಯ ಸೋಲುತ್ತಿದ್ದೆ.

ಅಷ್ಟರಲ್ಲಿ ಪ್ರದರ್ಶನದ ಮುಖ್ಯಸ್ಥರು ಓಡಿಬಂದರು. ಪಾಪ, ಸಜ್ಜನರು. ತಪ್ಪಾಗಿದೆ ಸಾರ್, ಮೇಲೆ ವೇದಿಕೆಯಲ್ಲಿ ನಡುವೆಯೇ ಜಾಗ ಮಾಡಿಸುತ್ತೇನೆ, ಬಹುಮಾನಕ್ಕೆ ನೋಡುವವರೂ ಈಗ ಬರುತ್ತಾರೆ ಎಂದರು. ಮೇಲೆ ಕೆಂಪು ಬಟ್ಟೆ, ದೀಪ. ಮೇಲೆ ನಡೆದು ಬರುವ ಪ್ರತಿಯೊಬ್ಬನೂ ವಿಮಾನ ಎಂದೇ ಹೇಳುತ್ತಾನೆ. ನಾನು ಹೂಂ ಎಂದರೆ ಸಾಕಿತ್ತು, ಅಲಮಾರಿ ಉಳಿಯುತ್ತಿತ್ತು, ಕೈಯೂ ಉಳಿಯುತ್ತಿತ್ತು. ಮಲ್ಲಿಗೆಯ ಹೆಂಗಸು ಪಕ್ಕದ ಊರಿನವರನ್ನು ಕರೆತಂದು ತೋರಿಸುತ್ತಿದ್ದರು. ನಾನು ಮೆಟ್ಟಿಲನ್ನೊಮ್ಮೆ, ಅವರನ್ನೊಮ್ಮೆ ನೋಡಿದೆ.

ಅಳಗಮ್ಮನೇ ಮುಂದೆ ಬಂದಳು. ಮುಖ್ಯಸ್ಥರಿಗೆ ತಮಿಳಿನಲ್ಲಿ ಬೇಡ ಸಾರ್ ಎಂದು ಹೇಳಿ, ನನಗೆ ಕನ್ನಡದಲ್ಲಿ ಹೇಳಿದಳು: “ಇಲ್ಲೇ ಇರ್ಲಿ. ಮ್ಯಾಲೆ ಸುಮ್ಮಾ ನೋಡಾಕೆ ಬತ್ತಾರೆ. ಇಲ್ಲಿ ಕೇಳಾಕೆ ಬಂದವ್ರೆ.”

ನಮ್ಮಲ್ಲಿ ಹೆಣ್ಣು ನೋಡುವುದು ಬೇರೆ, ಹೆಣ್ಣು ಕೇಳುವುದು ಬೇರೆ. ನೋಡುವವರು ಬಜ್ಜಿ ತಿಂದು, ಕಾಫಿ ಕುಡಿದು ಹೋಗಬಹುದು. ಕೇಳುವವರು ತಟ್ಟೆಯಲ್ಲಿ ಹೂವು ಹಣ್ಣು ಇಟ್ಟುಕೊಂಡು ಬರುತ್ತಾರೆ. ಹೆಣ್ಣು ಹೆತ್ತವರಿಗೆ ಮಾತ್ರ ತಿಳಿಯುವ ಆ ವ್ಯತ್ಯಾಸವನ್ನು ಅವಳು ನನ್ನ ಹೊಂಬಾಳೆಗೆ ಹಚ್ಚಿ ಮಾತಾಡಿದ್ದಳು. ವಿಮಾನ ಅಲ್ಲೇ ಉಳಿಯಿತು. ಮೇಲಿನ ಬಹುಮಾನ ಯಾರಿಗೋ ಹೋಯಿತು. ಡಬ್ಬದಿಂದ ತಂದು ಅಂಟಿಸಿದ ಯುದ್ಧವಿಮಾನವಂತೆ, ಬಹಳ ಚೆನ್ನಾಗಿತ್ತಂತೆ. ಇರಲಿ.

“ಪಂದ್ಯ ನೀವು ಸೋತ್ರಿ,” ಎಂದಳು ಸಂಜೆ, ಬಸ್ ಸ್ಟ್ಯಾಂಡಿನಲ್ಲಿ. ಮೆತ್ತಗೇ ಹೇಳಿದಳು. ಸೋತೆ ಎಂದೆ. ತಲೆ ಎತ್ತಿಕೊಂಡೇ ಸೋತೆ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ, ಆದರೆ ಅಟ್ಟದ ಕತ್ತಲೆ ನೆನಪಾಗಿ ಒಳಗೆ ಎಲ್ಲೋ ಚುರುಕ್ಕೆಂದಿತು.

ಹುಲ್ಲು ಹಾಸಿದ್ದ ದ್ರಾಕ್ಷಿ ಡಬ್ಬವನ್ನು ಮಂಟಪದ ಕಸದವರು ಎತ್ತಿಕೊಂಡು ಹೋಗಿದ್ದರು. ಬಸ್ಸಿನಲ್ಲಿ ವಿಮಾನವನ್ನು ಅಳಗಮ್ಮ ಮಡಿಲಲ್ಲಿ ಇಟ್ಟುಕೊಂಡಳು. ಒಂದು ರೆಕ್ಕೆ ಕಿಟಕಿಯ ಕಡೆ, ಒಂದು ರೆಕ್ಕೆ ನನ್ನ ಎದೆಗೆ. ವತ್ತಲಗುಂಡು ದಾಟಿದ ಮೇಲೆ ಕಂಡಕ್ಟರು ಬಂದರು. ಟಿಕೆಟ್ ಹರಿದು ಕೊಟ್ಟು, ಅವಳ ಮಡಿಲನ್ನು ನೋಡಿ, “ಎನ್ನಮ್ಮಾ ಇದು?” ಎಂದರು.

ನಾನು ತುಟಿ ಬಿಗಿ ಹಿಡಿದು ಕೂತೆ, ಮನೆ ಇನ್ನೂ ಸೇರಿಲ್ಲ, ನಾನು ಹೇಳಿಕೊಡುವಂತಿಲ್ಲವಲ್ಲ. ಅಳಗಮ್ಮ ಕಿಟಕಿಯಿಂದ ಮುಖ ತಿರುಗಿಸದೆ, ಊರಿಗೆಲ್ಲ ಗೊತ್ತಿರುವ ಸಂಗತಿ ಎಂಬಂತೆ, “ಎಂಗ ವಿಮಾನಂ,” ಎಂದಳು. ನಮ್ಮ ವಿಮಾನ.

ಕಂಡಕ್ಟರು ರೆಕ್ಕೆಯ ಉದ್ದವನ್ನು ಕಣ್ಣಿನಲ್ಲೇ ಅಳೆದು, ಗಂಭೀರವಾಗಿ ಹೇಳಿದರು: “ವಿಮಾನತ್ತುಕ್ಕು ಲಗೇಜ್ ಪೋಡಣುಂ ಅಮ್ಮಾ.”

ವಿಮಾನಕ್ಕೆ ಲಗೇಜು ಹಾಕಬೇಕು! ಸರ್ಕಾರದ ಖಾಕಿ ತೊಟ್ಟ ಆಳು, ತುಂಬಿದ ಬಸ್ಸಿನ ನಡುವೆ ನಿಂತು ಹೇಳಿದ ಮಾತು. ನಾನು ಅಳಗಮ್ಮನ ಕ‌ಡೆ ವಾಲಿ, “ನಂಟನಾ?” ಎಂದೆ.

ಅವಳು ಕಂಡಕ್ಟರನ್ನು ಒಮ್ಮೆ ಚೆನ್ನಾಗಿ ನೋಡಿದಳು. “ಅಲ್ಲ. ನಮ್ಮ ಕುಲದಾಗೆ ಅಂಥ ಮೂಗು ಯಾರ್ಗೂ ಇಲ್ಲ,” ಎಂದಳು.

ಆಮೇಲೆ, ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡದೆ ಮುಂದೆ ಹೋಗದ ನನ್ನ ಹೆಂಡತಿ, ಕಂಡಕ್ಟರು ಕೇಳಿದ ಲಗೇಜನ್ನು ತುಟಿಪಿಟಕ್ಕೆನ್ನದೆ ಎಣಿಸಿ ಕೊಟ್ಟಳು.